ಕಿಲ್ಟಿಗೊಂದು ಕರಿ ಜಾಕೆಟ್ಟು

ಕಟ್ಟಿಕೊಂಡ ಹೆಂಡತಿ ನನ್ನನ್ನು ಇನ್ನೊಮ್ಮೆ ಹಾಗೆ ನೋಡುವಂತೆ ಮಾಡದಿದ್ದರೆ ನನ್ನ ಹೆಸರು ಮರ್ಡೋ ಅಲ್ಲ! ಈ ಘನಘೋರ ಪ್ರತಿಜ್ಞೆಯನ್ನು ನಾನು ಮಾಡಿದ್ದು ನಮ್ಮ ಓಬನ್ ಬಂದರಿನ ಕಟ್ಟೆಯ ಮೇಲೆ. ಸಾಕ್ಷಿಗೆ ಇದ್ದದ್ದು ನನ್ನ ಕೈಯ ಹುರಿದ ಮೀನಿನ ಮೇಲೆ ಕಣ್ಣಿಟ್ಟಿದ್ದ ಒಂದು ಕಡಲಹಕ್ಕಿ ಮಾತ್ರ.

ಹಾಗೆ ಎಂದರೆ ಹೇಗೆ ಎನ್ನುತ್ತೀರಾ? ಮೂವತ್ತು ವರ್ಷದ ಹಿಂದೆ ಟೈರೀ ದ್ವೀಪದ ಊರ ಸಭಾಂಗಣದಲ್ಲಿ ಕುಣಿತವಿತ್ತು. ಅಲ್ಲಿಯತನಕ ಪ್ಯಾಂಟಿನಲ್ಲೇ ಬೆಳೆದ ನಾನು ಚಿಕ್ಕಪ್ಪನ ಕಿಲ್ಟು, ಅಂದರೆ ನಮ್ಮ ಕಡೆ ಗಂಡಸರು ಉಡುವ ಮೊಣಕಾಲುದ್ದದ ನೆರಿಗೆ ಲಂಗ, ಚಿಕ್ಕಪ್ಪನದೇ ಬೆಳ್ಳಿ ಗುಂಡಿಯ ಕರಿ ಜಾಕೆಟ್ಟು ಕಡ ತಂದು, ತೊಟ್ಟು, ಬಾಗಿಲಲ್ಲಿ ನಿಂತೆ. ಎದುರು ಗೋಡೆಗೆ ಒರಗಿದ್ದ ಎಫಿ ಎಂಬ ಹುಡುಗಿ ನನ್ನನ್ನು ನೋಡಿದಳು. ಮುಡಿಯಿಂದ ಅಡಿಯವರೆಗೆ ನೋಡಿದಳು. ತುಟಿ ಕಚ್ಚಿಕೊಂಡು, ಕುಣಿಯುವವರನ್ನೆಲ್ಲ ಆಚೀಚೆ ತಳ್ಳಿ, ನೆಟ್ಟಗೆ ನನ್ನ ಬಳಿಗೇ ಬಂದಳು. ಮುಂದಿನ ವರ್ಷ ನಮ್ಮ ಮದುವೆಯಾಯಿತು.

ಈಗಲೂ ನೋಡುತ್ತಾಳೆ, ಇಲ್ಲವೆಂದಲ್ಲ. ಬುಧವಾರ ಬೆಳಿಗ್ಗೆ ಕಸದ ಡಬ್ಬವನ್ನು ನೋಡಿ, ಅದೇ ಕಣ್ಣಿನಲ್ಲಿ ನನ್ನನ್ನೂ ನೋಡಿ, ಹೊರಗಿಟ್ಟು ಬಾ ಎನ್ನುತ್ತಾಳೆ. ಒಂದೇ ಸೋಫಾದ ಮೇಲೆ ಪಕ್ಕದಲ್ಲೇ ಕೂತವಳಿಗಾಗಿ ಹಂಬಲಿಸುವುದಿದೆಯಲ್ಲ, ಅದು ಕಡಲಾಚೆ ಇರುವವರಿಗಾಗಿ ಹಂಬಲಿಸುವುದಕ್ಕಿಂತ ಕಷ್ಟ. ಆಚೆ ದಡದವರಿಗಾದರೆ ದೋಣಿಯಾದರೂ ಇದೆ.

ಅಷ್ಟರಲ್ಲಿ ನನ್ನ ತಂಗಿಯ ಮಗಳು ಕರ್ಸ್ಟಿಯ ಮದುವೆ ಗೊತ್ತಾಯಿತು. ಚಿಕ್ಕಪ್ಪನ ಕಿಲ್ಟು ಅವರ ಕಾಲಾನಂತರ ನನ್ನ ಪಾಲಿಗೇ ಬಂದಿತ್ತು. ಜಾಕೆಟ್ಟನ್ನು ನುಸಿ ತಿಂದಿತ್ತು. ಹೊಸದು ಹೊಲಿಸಬೇಕು. ಎಫಿ ಟ್ವೀಡ್ ಎಂಬ ಒರಟು ಉಣ್ಣೆ ಬಟ್ಟೆಯ ಹಸಿರು ಜಾಕೆಟ್ಟೇ ಸರಿ ಎಂದಳು. ಮದುವೆಗೂ ಆಯಿತು, ಚರ್ಚಿಗೂ ಆಯಿತು, ಸಾವಿಗೂ ಆಯಿತು. ಕರಿಯದು ಸಂಜೆಯ ಉಡುಪು, ನಡು ಹಗಲಲ್ಲಿ ಅದನ್ನು ತೊಟ್ಟವನು ಒಂದೋ ಹೋಟೆಲಿನ ಮಾಣಿ, ಇಲ್ಲವೋ ಪ್ರವಾಸಿ ಎಂಬುದು ಅವಳ ತೀರ್ಪು. ನಾನು ಹೂಂಗುಟ್ಟಿದೆ. ಹೂಂಗುಟ್ಟಿ, ಸೀದಾ ಹೋಗಿ ಕರಿಯದಕ್ಕೇ ಹೇಳಿ ಬಂದೆ. ಟ್ವೀಡ್ ತೊಟ್ಟವನನ್ನು ಯಾವ ಹೆಣ್ಣು ತಾನೇ ಹಾಗೆ ನೋಡಿದ್ದಾಳೆ?

ದರ್ಜಿ ಸ್ಟ್ರೂವನ್ ಕಿಲ್ಟು ಉಟ್ಟುಕೊಂಡು ಬಾ, ಆಮೇಲೆ ಟೇಪು ಹಿಡಿಯುತ್ತೇನೆ ಎಂದ. ಉಡುವುದು ಹೇಗೆ? ಅದರ ಸೊಂಟದ ಬಕಲ್ಲೂ ಪಟ್ಟಿಯೂ ಒಂದರ ಮುಖ ಒಂದು ನೋಡಿ ವರ್ಷಗಳಾಗಿದ್ದವು! ನಡುವೆ ನನ್ನ ಹೊಟ್ಟೆ ಗಡಿರೇಖೆಯಾಗಿ ನಿಂತಿತ್ತು. ಕಿಲ್ಟು ಒಗೆಯಲು ಹೋಗಿದೆ ಎಂದು ಸುಳ್ಳು ಹೇಳಿ, ಪ್ಯಾಂಟಿನಲ್ಲೇ ನಿಂತು, ಉಸಿರು ಬಿಗಿಹಿಡಿದು ಅಳತೆ ಕೊಟ್ಟೆ. ಪ್ಯಾಂಟು ನಿಲ್ಲುವುದು ಹೊಟ್ಟೆಯ ಕೆಳಗೆ, ಕಿಲ್ಟು ನಿಲ್ಲುವುದು ಹೊಕ್ಕುಳಿನ ಮೇಲೆ. ಇದು ನಮ್ಮಲ್ಲಿ ಹಸುಗೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಆಸೆ ಕಣ್ಣು ಕಟ್ಟಿದವನಿಗೆ ಹೊಕ್ಕುಳು ಕಾಣುವುದಿಲ್ಲ.

ಮದುವೆಯ ದಿನ ಎಫಿ ಮುಂಜಾನೆಯೇ ಮದುಮಗಳನ್ನು ಸಿಂಗರಿಸಲು ಹೋದಳು. ನಾನು ಕಿಲ್ಟು ಸುತ್ತಿಕೊಂಡು, ಅಡಗಿಸಿಟ್ಟಿದ್ದ ಜಾಕೆಟ್ಟನ್ನು ತೆಗೆದು ತೊಟ್ಟು ಕನ್ನಡಿಯ ಮುಂದೆ ನಿಂತೆ. ಕಿಲ್ಟಿನ ಜಾಕೆಟ್ಟು ಗಿಡ್ಡವಾಗಿರಬೇಕು, ಮುಂದೆ ತೂಗುವ ತೊಗಲಿನ ಚೀಲ ಪೂರ್ತಿ ಕಾಣಬೇಕು. ನನ್ನ ಜಾಕೆಟ್ಟು ಚೀಲವನ್ನು ಗುಳುಂ ಮಾಡಿ, ತೊಡೆಯವರೆಗೂ ಇಳಿದಿತ್ತು. ಪ್ಯಾಂಟು ಹಾಕಲು ಮರೆತು ಹೊರಟ ಗುಮಾಸ್ತನಂತೆ ಕಂಡೆ!

ಬುದ್ಧಿವಂತನಿಗೆ ಉಪಾಯಕ್ಕೇನು ಬರ? ಜಾಕೆಟ್ಟು ಮೇಲೇರದಿದ್ದರೆ ಕಿಲ್ಟೇ ಕೆಳಗಿಳಿಯಲಿ. ಹೊಟ್ಟೆಯ ಕೆಳಗೆ ಎಳೆದು, ಬಕಲ್ಲು ಸೇರದ ಕಡೆ ಅಡುಗೆಮನೆಯ ದಾರ ಬಿಗಿದೆ. ಮೇಲೆ ಸರಿಹೋಯಿತು. ಕೆಳಗೆ ಮೊಣಕಾಲು ಮಾಯವಾಗಿ, ಅಂಚು ಮೀನಖಂಡಕ್ಕೆ ಬಡಿಯತೊಡಗಿತು. ಚರ್ಚಿನಲ್ಲಿ ಹಿಂದಿನಿಂದ ಬಂದ ಒಬ್ಬರು ಬಹಳ ಮರ್ಯಾದೆಯಿಂದ, ಅಮ್ಮಾ, ಸ್ವಲ್ಪ ಜರುಗುತ್ತೀರಾ ಎಂದರು. ಜರುಗಿದೆ. ಎಫಿ ಮುಂದಿನ ಸಾಲಿನಿಂದ ಒಮ್ಮೆ ತಿರುಗಿದಳು, ಕೂಡಲೇ ಪ್ರಾರ್ಥನೆಗೆ ತಲೆ ತಗ್ಗಿಸಿದಳು. ಅವಳ ಭುಜ ಕುಲುಕುತ್ತಿತ್ತು. ಭಕ್ತಿಯಿಂದ ಇರಬೇಕು ಎಂದುಕೊಂಡೆ.

ಊಟವಾಯಿತು, ವಿಸ್ಕಿಯಾಯಿತು, ಕುಣಿತ ಶುರುವಾಯಿತು. ನಮ್ಮ ಕುಣಿತದಲ್ಲಿ ಎರಡೂ ಕೈ ಕೊಟ್ಟು ಗಿರಗಿರ ತಿರುಗಬೇಕು. ನಾಲ್ಕು ಸುತ್ತು ತಿರುಗಿದ್ದೇ ತಡ, ಎಲ್ಲೋ ಫಟ್ ಎಂದಿತು. ದಾರ! ಕಿಲ್ಟಿನಡಿ ಏನನ್ನೂ ತೊಡದಿರುವುದು ನಮ್ಮ ಚಿಕ್ಕಪ್ಪನ ಮನೆತನದ ಸಂಪ್ರದಾಯ, ಮತ್ತು ನಾನು ಸಂಪ್ರದಾಯಸ್ಥ. ಎರಡೂ ಕೈಯಲ್ಲಿ ಮಾನ ಹಿಡಿದುಕೊಂಡು ಸಭಾಂಗಣದ ನಟ್ಟನಡುವೆ ಕಂಬವಾಗಿ ನಿಂತೆ.

ಆಗ ಎಫಿ ನೋಡಿದಳು. ಮುಡಿಯಿಂದ ಅಡಿಯವರೆಗೆ. ತುಟಿ ಕಚ್ಚಿಕೊಂಡು, ಕುಣಿಯುವವರನ್ನು ತಳ್ಳಿಕೊಂಡು, ನೆಟ್ಟಗೆ ನನ್ನ ಬಳಿಗೆ ಬಂದಳು. ಅಯ್ಯೋ, ಅದೇ ನೋಟ! ಮೂವತ್ತು ವರ್ಷ ನಾನು ಕಾದದ್ದು ಅದಕ್ಕೇ. ಕಿಲ್ಟು ಬಿದ್ದರೂ ಬೀಳಲಿ ಎನಿಸಿಬಿಟ್ಟಿತು.

ಅವಳು ನನ್ನನ್ನು ಕೋಟು ನೇತುಹಾಕುವ ಕೋಣೆಗೆ ಎಳೆದೊಯ್ದಳು. ಜಾಕೆಟ್ಟು ಕಳಚಿ ಬಿಸಾಕಿ, ಕಿಲ್ಟನ್ನು ಹೊಕ್ಕುಳಿಗೆ ಏರಿಸಿ, ತನ್ನ ಶಾಲನ್ನೇ ಸೊಂಟಕ್ಕೆ ಸುತ್ತಿ ಗಂಟು ಹಾಕತೊಡಗಿದಳು.

"ಎಫಿ, ನಿಜ ಹೇಳು. ಈಗ ನೋಡಿದೆಯಲ್ಲ, ಅವತ್ತು ಟೈರೀನಲ್ಲೂ ಹೀಗೇ ನೋಡಿದ್ದೆ ಅಲ್ವಾ?"

"ಹೂಂ. ಹೀಗೇ."

"ನನಗೆ ಗೊತ್ತಿತ್ತು."

"ನಿನಗೇನೂ ಗೊತ್ತಿರ್ಲಿಲ್ಲ ಮಾರಾಯ. ಅವತ್ತು ಕಿಲ್ಟನ್ನ ಹಿಂದುಮುಂದು ಉಟ್ಕೊಂಡು ಬಂದಿದ್ದೆ. ಹಿಂದಿರಬೇಕಾದ ನೆರಿಗೆಯೆಲ್ಲಾ ಮುಂದಿತ್ತು. ಊರಿಗೆ ಊರೇ ನಗ್ತಾ ಇತ್ತು. ಪಾಪ, ಯಾರಾದ್ರೂ ಹೇಳ್ಬೇಕಲ್ಲ ಅಂತ ನಾನೇ ಎದ್ದು ಬಂದೆ."

ಎಲ್ಲರೂ ನನ್ನ ಠೀವಿಗೆ ಮೆಚ್ಚಿ ನಗುತ್ತಿದ್ದಾರೆಂದು ನಾನು ಇಷ್ಟು ಕಾಲ ನಂಬಿದ್ದೆ. ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀನು ಕುಣಿಯೋಕೆ ಕೈ ಚಾಚಿಬಿಟ್ಟೆ. ಮುಖ ಅಷ್ಟು ಖುಷಿಯಾಗಿತ್ತು. ಹೇಗೆ ಹೇಳೋದು?" ಗಂಟನ್ನು ಇನ್ನೊಂದು ಸಲ ಬಿಗಿದು ಕೇಳಿದಳು, "ನಮ್ಮ ಮದುವೆ ದಿನ ಅಪ್ಪ ನಿನ್ನ ಕೋಣೆಗೆ ಬಂದು ತಾವೇ ನಿನಗೆ ಕಿಲ್ಟು ಉಡಿಸಿದ್ರಲ್ಲ, ಯಾಕೆ ಅಂದ್ಕೊಂಡೆ?"

"ಅಳಿಯನ ಮೇಲಿನ ಪ್ರೀತಿಯಿಂದ."

"ನಾನೇ ಕಳಿಸಿದ್ದು," ಎಂದಳು ಎಫಿ. "ಅಷ್ಟು ಜನ ಇನ್ನೊಂದ್ಸಲ ನಿನ್ನನ್ನ ನೋಡಿ ನಗೋದು ನನಗೆ ಬೇಡವಾಗಿತ್ತು."