ಸಾಲಗಾರನು ಮನೆಯಲ್ಲಿರತಕ್ಕದ್ದಲ್ಲ

ಸಂಬಳಪೂರ್ವ ನೆರವು ಕೇಂದ್ರದ ಹನ್ನೊಂದು ವರ್ಷಗಳ ಸೇವಾವಧಿಯಲ್ಲಿ, ಪಡೆದ ಸಾಲವನ್ನು ಪೂರ್ತಿಯಾಗಿ ಹಿಂದಿರುಗಿಸಲು ಬಂದ ಗ್ರಾಹಕರ ಸಂಖ್ಯೆ ಒಂದು. ಆತ ದಂತವೈದ್ಯರಿಗೆ ಹಲ್ಲಿನ ಸೆಟ್ ಮಾಡಿಕೊಡುವ ಕಾರ್ಯಾಗಾರದಲ್ಲಿ ಕೆಲಸಕ್ಕಿದ್ದ. ಎಲ್ಲರೂ ಹಲ್ಲಿನ ಮೇಸ್ತ್ರಿ ಎನ್ನುತ್ತಿದ್ದರು.

ಮೇಸ್ತ್ರಿಯ ಮನೆಯ ಬಚ್ಚಲ ಪೈಪು ಒಡೆದು ಕೆಳಗಿನ ಮನೆಯವರ ಚಾವಣಿ ಅವರ ಮಂಚದ ಮೇಲೆ ಬಿದ್ದಾಗ ಸಂಬಳಕ್ಕೆ ಇನ್ನೂ ಒಂಬತ್ತು ದಿನವಿತ್ತು. ಕೇಂದ್ರ ಹತ್ತು ನಿಮಿಷದಲ್ಲಿ ಇಪ್ಪತ್ತು ಸಾವಿರ ಕೊಟ್ಟಿತು. ಹದಿನಾಲ್ಕು ದಿನದಲ್ಲಿ ಇಪ್ಪತ್ತಮೂರು ಸಾವಿರ ಕಟ್ಟಬೇಕು; ಆಗದಿದ್ದರೆ ಬರೀ ಮೂರು ಸಾವಿರ ಕಟ್ಟಿ ಇನ್ನೊಂದು ಹದಿನಾಲ್ಕು ದಿನಕ್ಕೆ ನವೀಕರಿಸಬಹುದು. ಆತ ಇಪ್ಪತ್ತೊಂಬತ್ತು ಸಲ ನವೀಕರಿಸಿದ. ಎಂಬತ್ತೇಳು ಸಾವಿರ ಕಟ್ಟಿದ ಮೇಲೂ ಇಪ್ಪತ್ತು ಸಾವಿರದ ಸಾಲ ಕೂದಲೂ ಕೊಂಕದೆ ಹಾಗೇ ಇತ್ತು. ಅವನ ನಿಷ್ಠೆಯನ್ನು ಮೆಚ್ಚಿ ಕೇಂದ್ರ ಹತ್ತು ನವೀಕರಣಕ್ಕೊಂದರಂತೆ ಎರಡು ಫ್ಲಾಸ್ಕ್ ಕೊಟ್ಟಿತ್ತು.

"ಮೂರನೇ ಫ್ಲಾಸ್ಕ್ ಬರೋ ಹೊತ್ತಿಗೆ ನಾನಿಲ್ಲಿ ಇರಲ್ಲ ರೀ" ಎಂದು ಹೆಂಡತಿ ಮಗಳನ್ನು ಕರೆದುಕೊಂಡು ಅಣ್ಣನ ಮನೆಗೆ ಹೊರಟುಹೋದಳು. "ಸಾಲ ಮುಗೀತು ಅಂತ ಮೊಹರು ಹಾಕಿದ ಪತ್ರ ತೋರಿಸಿ, ಅವತ್ತೇ ಬರ್ತೀನಿ."

ಮೇಸ್ತ್ರಿ ಸ್ಕೂಟರ್ ಮಾರಿದ. ಇಪ್ಪತ್ತಮೂರು ಸಾವಿರ ಲಕೋಟೆಗೆ ಹಾಕಿಕೊಂಡು ಕೇಂದ್ರಕ್ಕೆ ಹೋದ.

"ಮೂರು ಸಾವಿರ ಕೊಡಿ" ಎಂದಳು ಕೌಂಟರಿನ ಹೆಂಗಸು, ಮುಖ ಎತ್ತದೆ.

"ಮುಂದುವರಿಸೋಕಲ್ಲ, ಮುಗಿಸೋಕೆ ಬಂದಿದೀನಿ."

"ಏನನ್ನ?"

"ಸಾಲಾನ."

ಆಕೆ ಕಂಪ್ಯೂಟರಿನಲ್ಲಿ ಹುಡುಕಿದಳು. "ನವೀಕರಣ ಇದೆ. ಹೆಚ್ಚುವರಿ ಸಾಲ ಇದೆ. ವಿಳಾಸ ಬದಲಾವಣೆ ಇದೆ. ಮುಗಿಸೋದು ಇಲ್ಲ." ಇನ್ನಷ್ಟು ಕೆಳಗೆ ಹೋಗಿ ನೋಡಿ, "ಪರಾರಿ ಅಂತ ಒಂದಿದೆ" ಎಂದು ಸೇರಿಸಿದಳು.

ವ್ಯವಸ್ಥಾಪಕರು ಹೊರಗೆ ಬಂದರು. ಲಕೋಟೆಯನ್ನೂ ಮೇಸ್ತ್ರಿಯನ್ನೂ ಒಂದೊಂದು ಸಲ ನೋಡಿದರು.

"ನಮ್ಮೋರು ಯಾರಾದ್ರೂ ನಿಮಗೆ ಬೇಜಾರು ಮಾಡಿದ್ರಾ?"

"ಇಲ್ಲ."

"ಟೀ ಕೊಟ್ರಾ?"

"ಕೊಟ್ರು."

"ಮತ್ತೆ ಯಾಕೆ ಹೀಗೆ?"

ಹೆಂಡತಿಯ ವಿಷಯ ಹೇಳಿದ. ವ್ಯವಸ್ಥಾಪಕರು ಒಳ್ಳೆಯವರು, ಸಂಸಾರಸ್ಥರು. ಕೈಪಿಡಿ ತರಿಸಿ ಒಂದೂವರೆ ಗಂಟೆ ಕೂತು ಓದಿದರು. ಖಾತೆ ಮುಕ್ತಾಯದ ಪ್ರಸ್ತಾಪ ಒಂದೇ ಕಡೆ ಇತ್ತು:

"ನಿಯಮ ೪೧. ಸತತ ಮೂರು ಭೇಟಿಗಳಲ್ಲಿ ಗ್ರಾಹಕನು ಮನೆಯಲ್ಲಿ ಸಿಗದಿದ್ದಲ್ಲಿ ಆತನನ್ನು ಪರಾರಿಯೆಂದು ಘೋಷಿಸಿ, ಖಾತೆಯನ್ನು ಮುಕ್ತಾಯಗೊಳಿಸಿ, ಆ ಬಗ್ಗೆ ಪತ್ರವನ್ನು ಕುಟುಂಬದ ಸದಸ್ಯರಿಗೆ ನೀಡತಕ್ಕದ್ದು."

"ನೀವು ಪರಾರಿಯಾಗಬೇಕಾಗತ್ತೆ" ಎಂದರು.

"ನಾನು ದುಡ್ಡು ಕೊಡ್ತಿದೀನಲ್ಲ ಸಾರ್."

"ಕೊಡಿ. ಪರಾರಿಯಾಗೋರು ಸಾಮಾನ್ಯವಾಗಿ ಕೊಡಲ್ಲ. ಆದ್ರೆ ಕೊಡಬಾರದು ಅಂತ ನಿಯಮ ಏನೂ ಇಲ್ಲ."

ಹಣ ಎಣಿಸಿಕೊಂಡು 'ಪರಾರಿಪೂರ್ವ ಠೇವಣಿ' ಎಂದು ರಸೀದಿ ಕೊಟ್ಟರು.

ಕೇಂದ್ರದ ವಸೂಲಿಯವರು ದೊಡ್ಡ ಆಳು, ಮೆತ್ತಗಿನ ದನಿ. ಮೊದಲ ಭೇಟಿಯ ಹಿಂದಿನ ದಿನವೇ ಫೋನ್ ಮಾಡಿದರು. "ನಾಳೆ ಹತ್ತೂವರೆಗೆ ಬರ್ತೀನಿ ಮೇಸ್ತ್ರಿ. ದಯವಿಟ್ಟು ಮನೇಲಿ ಇರಬೇಡಿ."

ಮಾರನೆಯ ದಿನ ಹತ್ತೂವರೆಗೆ ಬೆಲ್ ಆಯಿತು. ಮೇಸ್ತ್ರಿ ಹೋಗಿ ಬಾಗಿಲು ತೆಗೆದ.

"ಇದೇನ್ರೀ ಇದು?"

"ಬೆಲ್ ಆಯ್ತು, ತೆಗೆದೆ. ನಿಮಗೆ ಟೀ ಇಡೋಣ ಅಂತಲೂ ಇದ್ದೆ."

"ಪರಾರಿಯಾದೋರು ಎಲ್ಲಾದ್ರೂ ಬಾಗಿಲು ತೆಗೀತಾರಾ?"

ಭೇಟಿ ಅಸಿಂಧುವಾಯಿತು. ಗ್ರಾಹಕನು ಕಾರಣವಿಲ್ಲದೆ ಸ್ವಂತ ಮನೆಯಲ್ಲಿದ್ದುದಕ್ಕಾಗಿ ಆರು ನೂರು ದಂಡ ಬಿತ್ತು. ದಂಡದ ರಸೀದಿ ಬರೆದುಕೊಟ್ಟು, ಟೀ ಕುಡಿದು ವಸೂಲಿಯವರು ಹೋದರು.

ಮುಂದಿನ ವಾರ ಮೇಸ್ತ್ರಿ ದೀಪ ಆರಿಸಿ ಬಚ್ಚಲಲ್ಲಿ ಕೂತ. ಇಪ್ಪತ್ತೆರಡು ವರ್ಷ ಪ್ಲಾಸ್ಟರ್ ಪುಡಿ ಕುಡಿದ ಮೂಗು; ಎರಡನೇ ಬೆಲ್ಲಿಗೆ ಸೀನಿತು.

"ಕೇಳಿಸಲಿಲ್ಲ ಅಂತ ಬರೀತೀನಿ" ಎಂದರು ವಸೂಲಿಯವರು, ಬಾಗಿಲಿನಾಚೆಯಿಂದ. "ಇನ್ನೊಂದು ಸಲ ಆಗಲ್ಲ, ನನಗೂ ಮೇಲಿನವರಿದಾರೆ. ಮುಂದಿನ ವಾರ ಹೊರಗೆಲ್ಲಾದ್ರೂ ಹೋಗಿಬಿಡಿ."

ಉಳಿದ ಎರಡು ವಾರ ಆತ ಬಸ್ ನಿಲ್ದಾಣದ ಹಿಂದೆ ನಿಂತ. ಮೂರು ಭೇಟಿ ಪೂರ್ತಿಯಾದವು. ಇನ್ನು ಘೋಷಣೆಗೆ ಮನೆಯವರ ಸಹಿ ಬೇಕಿತ್ತು. ಹೆಂಡತಿಗೆ ಫೋನ್ ಮಾಡಿದ.

"ನಾನು ಪರಾರಿಯಾಗಿದೀನಿ ಅಂತ ನೀನು ಬಂದು ಸಹಿ ಹಾಕಬೇಕು."

"ಎಲ್ಲಿಂದ ಮಾತಾಡ್ತಿದೀರಿ?"

"ಮನೆಯಿಂದ."

"ಸಹಿ ಹಾಕಿದ್ರೆ ಪತ್ರ ಕೊಡ್ತಾರಾ?"

"ನಿನ್ನ ಕೈಗೇ ಕೊಡ್ತಾರೆ. ನಾನು ಇಲ್ವಲ್ಲ."

ಆಕೆ ಅಣ್ಣನ ಜೊತೆ ಅವನ ಕಾರಿನಲ್ಲಿ ಬಂದಳು. ಮಗಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಬಟ್ಟೆಯ ಚೀಲವೂ ಅಲ್ಲೇ ಇತ್ತು. ಚೀಲವನ್ನು ಆಕೆ ಇಳಿಸಲಿಲ್ಲ. ಮೇಸ್ತ್ರಿ ಅದನ್ನು ಕಿಟಕಿಯಿಂದ ನೋಡಿದ, ಟೀ ಇಡಲು ಅಡುಗೆಮನೆಗೆ ಹೋದ.

ಊಟದ ಮೇಜಿನ ಮೇಲೆ ವಸೂಲಿಯವರು ಫಾರಂ ಹರಡಿಕೊಂಡರು.

"ಅಮ್ಮಾ, ಯಜಮಾನರನ್ನ ಕಡೇ ಸಲ ಯಾವಾಗ ನೋಡಿದ್ರಿ?"

ಆಕೆ ಅಡುಗೆಮನೆಯ ಕಡೆ ನೋಡಿದಳು. "ಈಗ."

ವಸೂಲಿಯವರು ಪೆನ್ನು ಕೆಳಗಿಟ್ಟರು. "ಇದಕ್ಕೆ ಮುಂಚೆ."

"ಒಂದೂವರೆ ತಿಂಗಳಾಯ್ತು."

"ಇದು ಚೆನ್ನಾಗಿದೆ." ಬರೆದುಕೊಂಡರು. "ಬಿಟ್ಟುಹೋಗುವಾಗ ಏನಾದ್ರೂ ಹೇಳಿದ್ರಾ?"

"ಬಿಟ್ಟುಹೋಗಿದ್ದು ನಾನು."

"ಅದನ್ನ ಬರೆಯೋಕೆ ಇಲ್ಲಿ ಜಾಗ ಇಲ್ಲ."

"ಸಕ್ಕರೆ ಎಷ್ಟು ಹಾಕ್ಲಿ?" ಎಂದು ಪರಾರಿಯಾದವನು ಒಳಗಿನಿಂದ ಕೇಳಿದ.

"ಒಂದು ಚಮಚ" ಎಂದರು ವಸೂಲಿಯವರು, ತಲೆ ಎತ್ತದೆ. ಆಕೆ ಸಹಿ ಹಾಕಿದಳು. ಮೊಹರು ಬಿದ್ದ ಪತ್ರ ಅವಳ ಕೈಗೆ ಬಂತು. 'ಸದರಿ ಗ್ರಾಹಕನು ಎಲ್ಲಿದ್ದಾನೆಂದು ತಿಳಿದುಬಂದಿಲ್ಲವಾದ್ದರಿಂದಲೂ, ಪೂರ್ಣ ಮೊತ್ತವನ್ನು ಖುದ್ದಾಗಿ ಪಾವತಿಸಿರುವುದರಿಂದಲೂ ಖಾತೆಯನ್ನು ಮುಕ್ತಾಯಗೊಳಿಸಲಾಗಿದೆ.'

ಅವಳ ಅಣ್ಣ ಯಾವ ಕಾಗದವನ್ನೂ ಕೊನೆಯ ಸಾಲಿನವರೆಗೆ ಓದದೆ ಬಿಡುವ ಮನುಷ್ಯನಲ್ಲ. "ಭಾವ, ಇಲ್ಲೊಂದು ಷರತ್ತಿದೆ" ಎಂದು ಗಟ್ಟಿಯಾಗಿ ಓದಿದ. "ಗ್ರಾಹಕನು ಸದರಿ ಮನೆಯಲ್ಲಿ ಮತ್ತೆ ಕಂಡುಬಂದಲ್ಲಿ ಸಾಲವು ಮೊದಲಿನಂತೆ ಜಾರಿಗೆ ಬರತಕ್ಕದ್ದು. ಪ್ರತಿ ತಿಂಗಳ ಮೊದಲ ಶನಿವಾರ ಬೆಳಿಗ್ಗೆ ಹತ್ತೂವರೆಗೆ ಪರಿಶೀಲನೆ. ಪರಿಶೀಲನಾ ಶುಲ್ಕ ಇನ್ನೂರು." ವಸೂಲಿಯವರ ಕಡೆ ತಿರುಗಿದ. "ಇದು ಎಲ್ಲಿವರೆಗೆ ಸ್ವಾಮಿ?"

"ಅವರು ಸಿಗೋವರೆಗೆ."

"ಸಿಕ್ಕಿದ ಮೇಲೆ?"

"ಸಾಲ ಶುರುವಾಗತ್ತಲ್ಲ."

ಎಲ್ಲರೂ ಹೆಂಡತಿಯ ಮುಖ ನೋಡಿದರು. ಮೇಸ್ತ್ರಿ ಟೀ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದ. ಆಕೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತಿಂಗಳಿಗೆ ಆರು ಸಾವಿರ ಹೋಗುತ್ತಿದ್ದ ಕಡೆ ಇನ್ನೂರು. ಜೊತೆಗೆ ಅರ್ಧ ಗಂಟೆ ಗಂಡ.

"ಅಷ್ಟೇ ತಾನೇ" ಎಂದಳು. "ಅಣ್ಣಾ, ಕಾರಿನ ಕೀ ಕೊಡು. ಚೀಲ ತರ್ತೀನಿ."

ಸುದ್ದಿ ನಿಲ್ಲಲಿಲ್ಲ. ಕೇಂದ್ರದ ಬಾಗಿಲಿಗೆ ಪ್ರಕಟಣೆ ಬಿತ್ತು: 'ಪರಾರಿಯಾಗಲಿಚ್ಛಿಸುವ ಗ್ರಾಹಕರು ಏಳು ದಿನ ಮುಂಚಿತವಾಗಿ ನೋಂದಾಯಿಸಿಕೊಳ್ಳತಕ್ಕದ್ದು. ನೋಂದಣಿ ಇಲ್ಲದೆ ಪರಾರಿಯಾದವರನ್ನು ಹಾಜರಿದ್ದಾರೆಂದೇ ಪರಿಗಣಿಸಲಾಗುವುದು.' ಆರು ತಿಂಗಳಲ್ಲಿ, ಮೊದಲ ಶನಿವಾರಗಳಂದು ಬಸ್ ನಿಲ್ದಾಣದ ಹಿಂದೆ ಹದಿನೇಳು ಜನ ನಿಲ್ಲತೊಡಗಿದರು: ಒಬ್ಬ ಡ್ರೈವರ್, ಇಬ್ಬರು ನರ್ಸುಗಳು, ಗಣಿತದ ಮೇಷ್ಟ್ರು, ಕೇಂದ್ರದ ಕೌಂಟರಿನ ಹೆಂಗಸು. ಮುನ್ಸಿಪಾಲಿಟಿಯವರು ಎರಡು ಬೆಂಚು ಹಾಕಿಸಿಕೊಟ್ಟರು. ಹೊಸದಾಗಿ ಪರಾರಿಯಾದವರಿಗೆ ಬಾಗಿಲು ತೆಗೆಯಬಾರದೆಂದು ಮೇಸ್ತ್ರಿ ತಾಳ್ಮೆಯಿಂದ ತಿಳಿಹೇಳುತ್ತಿದ್ದ. ವಸೂಲಿಯವರು ಆ ದಾರಿಯಲ್ಲೇ ಹಾದುಹೋಗುವಾಗ ಎಲ್ಲರಿಗೂ ಕೈ ಬೀಸುತ್ತಿದ್ದರು, ಆಮೇಲೆ ಮನೆಮನೆಗೆ ಹೋಗಿ ಅವರನ್ನು ಹುಡುಕುತ್ತಿದ್ದರು.

ಅಂಥದ್ದೇ ಒಂದು ಶನಿವಾರ ಅಣ್ಣ ಫೋನ್ ಮಾಡಿ ಭಾವನನ್ನು ಕರೆಯೆಂದ. ಮಗಳ ಜಡೆ ಹಾಕುತ್ತಿದ್ದ ತಂಗಿ ಫೋನನ್ನು ಹೆಗಲಿಗೆ ಒತ್ತಿಕೊಂಡಳು.

"ಅವರಾ? ಪರಾರಿಯಾಗಿದಾರೆ ಅಣ್ಣ. ಹನ್ನೊಂದಕ್ಕೆ ಬರ್ತಾರೆ."