ಸಿಡುಕಪ್ಪನ ಕಳ್ಳಿ

ಅಂಗೈಯಗಲದ ಕುಂಡದಲ್ಲಿದ್ದ ಆ ಪುಟ್ಟ ಕಳ್ಳಿಗಿಡವನ್ನು ಕಂಡವರೆಲ್ಲ “ಅಯ್ಯೋ ಪಾಪ” ಎನ್ನುತ್ತಿದ್ದರು. ಅಷ್ಟು ಅಂದು ಸುಮ್ಮನಿದ್ದರೆ ಸಿಡುಕಪ್ಪನದೇನೂ ತಕರಾರಿರಲಿಲ್ಲ. ಅಂದವರೆಲ್ಲ ಅದರ ಬುಡಕ್ಕಿಷ್ಟು ನೀರು ಸುರಿದೇ ಹೋಗುತ್ತಿದ್ದರು. ನೀರು ಹೆಚ್ಚಾದರೆ ಕಳ್ಳಿಯ ಬೇರು ಕೊಳೆಯುತ್ತದೆ ಎಂದು ಅವನು ಗಂಟಲು ಹರಿದುಕೊಂಡರೂ ಆ ಪಾರ್ಸಲ್ ಕಚೇರಿಯಲ್ಲಿ ಕೇಳುವವರೇ ಇಲ್ಲ!

ಸಾಲದ್ದಕ್ಕೆ ಅವನ ಮೇಜು ಕಕ್ಕಸಿನ ಬಾಗಿಲ ಪಕ್ಕ. ಬಿಸಿಲೆಂಬುದು ಅತ್ತ ತಲೆ ಹಾಕಿಯೂ ಮಲಗುವುದಿಲ್ಲ. ಅವನು ಮಗಳಂತೆ ಸಾಕಿದ ಕಳ್ಳಿ ಬದುಕಬೇಕಾದರೆ ಕಿಟಕಿ ಪಕ್ಕದ ಮೇಜು ಸಿಗಲೇಬೇಕು. ಇವತ್ತು ಹೊಸ ಮ್ಯಾನೇಜರ್ ಮೇಡಂ ಬರುತ್ತಾರೆ, ಯಾರು ಎಲ್ಲಿ ಕೂರಬೇಕೆಂದು ಅವರೇ ಹೇಳುತ್ತಾರೆ. ಹೆಂಡತಿಯನ್ನೂ ಹೊಗಳಿ ಗೊತ್ತಿಲ್ಲದ ಸಿಡುಕಪ್ಪ ಮೇಡಂಗಾಗಿ ನಾಲ್ಕು ಸವಿಮಾತು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಬಂದು ನೋಡಿದರೆ ಕುಂಡ ಕೆರೆಯಾಗಿದೆ.

“ಯಾರ್ರೀ ನೀರು ಹಾಕಿದ್ದು?”

“ನಾನೇ ಕಣಪ್ಪಾ,” ಎಂದಳು ಬಿಲ್ ಬರೆಯುವ ಬಿಲ್ಲಕ್ಕ. “ಬಾಯಿಲ್ಲದ ಜೀವ, ಎಷ್ಟು ಬಾಯಾರಿತ್ತೋ.”

“ಬಾಯೇ ಇಲ್ಲ ಅಂದ್ಮೇಲೆ ಬಾಯಾರೋದು ಹೇಗಕ್ಕಾ?”

ನೀರು ಬಸಿದು, ಹಳೇ ಪೇಪರಿನಿಂದ ಮಣ್ಣು ಒತ್ತಿ ಕೈ ತೊಳೆದು ಬರುವಷ್ಟರಲ್ಲಿ, ಕಿಟಕಿ ಪಕ್ಕದ ಕ್ಯಾಷಿಯರು ತಮ್ಮ ಬಾಟಲಿಯನ್ನು ಕುಂಡಕ್ಕೆ ಬಗ್ಗಿಸಿ ನಿಂತಿದ್ದರು.

“ನೀವು ಅಷ್ಟು ಕೂಗಾಡಿದ್ರಲ್ಲ, ಪಾಪ, ಹೆದರಿರುತ್ತೆ ಅಂತ...”

“ನಿಮ್ಮ ಕರುಣೆಗಿಷ್ಟು ಬೆಂಕಿ ಹಾಕ!”

ಒಂದು ಎಲೆ ಮೆತ್ತಗಾಗಿ ಕಳಚಿ ಬಿತ್ತು. ಸಿಡುಕಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಪಾರ್ಸಲ್ ಡಬ್ಬದ ರಟ್ಟು ಹರಿದು, ವಿಳಾಸ ಬರೆಯುವ ದಪ್ಪ ಪೆನ್ನಿನಿಂದ ಬರೆದು, ತನ್ನ ಕುರ್ಚಿಯ ಮೇಲಿನ ಗೋಡೆಗೆ ಅಂಟಿಸಿದ: “ಈ ಕಳ್ಳಿಗೆ ಯಾರೂ ನೀರು ಕೊಡಕೂಡದು! ಕುಡಿದು ಕುಡಿದು ಊದಿಕೊಂಡಿದ್ದಾಳೆ. ಪಾಪ ಅಂದವರ ಹಲ್ಲು ಮುರಿಯುತ್ತೇನೆ!” ಆಮೇಲೆ ಕುಂಡವನ್ನು ಎದೆಗವಚಿಕೊಂಡು, ಒಣಗಿಸಲೆಂದು ತಾರಸಿಗೆ ಹೋದ.

ಹೊಸ ಮೇಡಂ ಬಂದದ್ದು ಆಗಲೇ. ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ, ಎದುರಿಗೆ ಕಂಡ ಸಿಡುಕಪ್ಪನ ಖಾಲಿ ಕುರ್ಚಿಯಲ್ಲೇ ಕುಸಿದು, “ಸ್ವಲ್ಪ ನೀರು ಕೊಡ್ತೀರಾ?” ಎಂದರು. ಲೋಟ ಹಿಡಿದು ಓಡಿಬಂದ ಜವಾನ ಅವರ ತಲೆಯ ಮೇಲಿನ ರಟ್ಟು ಓದಿ ಅರ್ಧದಲ್ಲೇ ನಿಂತ.

“ಪಾಪ,” ಎಂದ ಬಿಲ್ಲಕ್ಕ ತಟಕ್ಕನೆ ಬಾಯಿ ಮುಚ್ಚಿಕೊಂಡಳು.

ಮೇಡಂ ತಿರುಗಿ ರಟ್ಟು ಓದಿದರು. ಸಿಡುಕಪ್ಪ ಕುಂಡದೊಂದಿಗೆ ಒಳಬಂದಾಗ ಅವರ ಮುಖ ಕೆಂಡವಾಗಿತ್ತು.

“ಯಾರು ಬರೆದಿದ್ದು ಇದು? ಯಾರ್ರೀ ಕಳ್ಳಿ?”

ಸವಿಮಾತೆಲ್ಲ ಮರೆತೇಹೋಯಿತು. “ನೀವಲ್ಲ ಮೇಡಂ! ಇವಳು!” ಎಂದು ಕುಂಡ ಮುಂದೆ ಹಿಡಿದು, ಬೇರು, ಕೊಳೆತ, ಬಿಸಿಲು, ಕಿಟಕಿ ಎಂದು ಒಂದೇ ಉಸಿರಿಗೆ ಒದರಿದ.

ಮೇಡಂ ಕುಂಡ ನೋಡಿದರು. ಮುಖ ಸ್ವಲ್ಪ ಸಡಿಲವಾಯಿತು.

“ಅಂದ್ರೆ ಕಿಟಕಿ ಪಕ್ಕ ಹೋದ್ರೆ ಬದುಕುತ್ತೆ?”

“ನೂರಕ್ಕೆ ನೂರು ಮೇಡಂ!”

“ಸರಿ. ಇವತ್ತಿಂದ ಇವಳು ಕಿಟಕಿ ಪಕ್ಕ. ನೀವು ಇಲ್ಲೇ ಇರಿ. ಹಲ್ಲು ಮುರಿಯೋರು ಕಕ್ಕಸಿನ ಹತ್ರ ಇದ್ರೇನೇ ಎಲ್ರಿಗೂ ಕ್ಷೇಮ.”

ಸಿಡುಕಪ್ಪ ಬಾಯಿ ತೆರೆಯುವ ಮೊದಲೇ ಕ್ಯಾಷಿಯರು ಬಂದು, ಕೂಸನ್ನು ಎತ್ತಿಕೊಳ್ಳುವಂತೆ ಕುಂಡ ಎತ್ತಿಕೊಂಡರು.

“ನೀವೇನೂ ಯೋಚ್ನೆ ಮಾಡ್ಬೇಡಿ. ಇನ್ಮೇಲೆ ನನ್ನ ಪಕ್ಕದಲ್ಲೇ ಇರ್ತಾಳಲ್ಲ, ಗಂಟೆಗೊಂದ್ಸಲ ನಾನೇ ನೀರು ಹಾಕ್ತೀನಿ.”