ಕೀಬೋರ್ಡಿಗೆ ಕುಂಕುಮ

ಎಲ್ಲಕ್ಕೂ ಕಾರಣ ಪ್ರಭುಲಿಂಗನ ಸೋಮಾರಿತನ. ಬೆಟಗೇರಿಯ ತನ್ನ ಮನೆಯಲ್ಲೇ ಕೂತು ಮೊಬೈಲಿನಲ್ಲಿ ಸೀರೆ ಮಾರುವ ಅವನಿಗೆ, ಗಿರಾಕಿಗಳಿಗೆ ಬರೆದದ್ದನ್ನೇ ಬರೆದು ಬೆರಳು ನೋಯುತ್ತಿತ್ತು. ಒಂದು ಪುಟ್ಟ ಕೀಬೋರ್ಡ್ ತಂದು ಮೊಬೈಲಿಗೆ ಜೋಡಿಸಿ, ಗುಂಡಿಗೊಂದು ಕೆಲಸ ಹಚ್ಚಿದ. ಒಂದನ್ನು ಒತ್ತಿದರೆ ‘ನಮಸ್ಕಾರ್ರೀ ಅಕ್ಕಾರ’ ಎಂದು ಹೋಗುತ್ತಿತ್ತು. ಎರಡನ್ನು ಒತ್ತಿದರೆ ‘ಕೊನೇದು ಒಂದೇ ಉಳದೈತಿ, ಬೇಕಾದವ್ರು ಜಲ್ದಿ ಫೋನ್ ಮಾಡ್ರಿ’. ಕೆಳಗಿನ ಉದ್ದ ಗುಂಡಿ ಒತ್ತಿದರಂತೂ, ಗೋಡೆ ಪಕ್ಕದ ಸ್ಟ್ಯಾಂಡಿನಲ್ಲಿದ್ದ ಮೊಬೈಲು ತನ್ನ ಬೆನ್ನಿನ ಕ್ಯಾಮೆರಾದಿಂದ ಜಮಖಾನೆಯ ಮೇಲೆ ಹರವಿದ ಸೀರೆಗಳನ್ನು ಲೈವ್ ತೋರಿಸತೊಡಗುತ್ತಿತ್ತು. ಗದಗಿನಿಂದ ಮುಂಡರಗಿಯವರೆಗೆ ಹೆಂಗಸರು ಒಲೆಯ ಮೇಲಿನ ಸಾರು ಮರೆತು ನೋಡುತ್ತಿದ್ದರು.

ಸೀರೆ ಮಾರಿದಷ್ಟು ಸಲೀಸಾಗಿ ಮದುವೆ ಮಾತ್ರ ಕೂಡಿ ಬರಲಿಲ್ಲ. ಹತ್ತಿರ ಬಂದ ಎರಡು ಸಂಬಂಧಗಳನ್ನು ಓಣಿಯವರು ಉಪದೇಶ ಮಾಡಿಯೇ ಮುರಿದಿದ್ದರು. ಈಗ ಲಕ್ಷ್ಮೇಶ್ವರದ ವಿರೂಪಾಕ್ಷಪ್ಪನವರು ಆಯುಧ ಪೂಜೆಯ ದಿನ ಮನೆ ನೋಡಲು ಬರುವವರಿದ್ದರು. ಜೊತೆಗೆ ಮಗಳು ವಿದ್ಯಾಶ್ರೀ. “ಮನಿ, ಹುಡುಗ ಎರಡೂ ನಾನ ನೋಡಾಕಿ” ಎಂದು ಹಟ ಹಿಡಿದಿದ್ದಳಂತೆ. ಅವಳ ಫೋಟೋ ನೋಡಿದಾಗಿನಿಂದ ಪ್ರಭುಲಿಂಗನಿಗೆ ಊಟ ರುಚಿಸುತ್ತಿರಲಿಲ್ಲ.

“ಯವ್ವಾ, ಓಣ್ಯಾಗ ಒಬ್ಬರಿಗೂ ಖಬರ ಆಗಬಾರ್ದು ನೋಡು” ಎಂದು ತಾಯಿ ಗದಿಗೆವ್ವನಿಗೆ ಹೇಳಿ, ಮೊಬೈಲಿನ ಸದ್ದು ಅಡಗಿಸಿ, ಅದರ ಮುಖ ಗೋಡೆಗಿರುವಂತೆಯೇ ಬಿಟ್ಟು, ಹೊಸ ಅಂಗಿ ತೊಟ್ಟ.

ಗದಿಗೆವ್ವ ಯಾರಿಗೂ ಹೇಳಲಿಲ್ಲ. ಬೀಗರಾಗುವವರು ಅಂಗಳದಲ್ಲಿ ಕೈಕಾಲು ತೊಳೆಯುವಾಗ ಗಡಿಬಿಡಿಯಲ್ಲಿ ಪೂಜೆ ಮುಗಿಸಿದಳು. ಮನೆಯ ಹಳೆಯ ಮಗ್ಗಕ್ಕೆ, ಕತ್ತರಿಗೆ ವಿಭೂತಿ ಹಚ್ಚಿದವಳು ಮಗನಿಗೆ ಅನ್ನ ಕೊಡುವ ಕೀಬೋರ್ಡನ್ನು ಬಿಡುವುದುಂಟೆ? ಗುಂಡಿ ಗುಂಡಿಗೂ ಕುಂಕುಮವಿಟ್ಟು, ಚೆಂಡು ಹೂ ಏರಿಸಿ, ಉದ್ದ ಗುಂಡಿಯ ಮೇಲೆ ಒಂದು ತೆಂಗಿನಕಾಯಿ ಕೂರಿಸಿದಳು.

ಜಮಖಾನೆಯ ಮೇಲೆ ಉಪ್ಪಿಟ್ಟು ಬಂತು. ವಿರೂಪಾಕ್ಷಪ್ಪನವರು ವಯಸ್ಸು ಕೇಳಿದರು.

“ಮೂವತ್ತರೀ” ಎಂದ ಪ್ರಭುಲಿಂಗ, ಕಾಲ ಮೇಲೆ ಕಾಲು ಹಾಕಿ.

ಅಷ್ಟರಲ್ಲಿ ಹೊರಗಿನಿಂದ ಪಕ್ಕದ ಮನೆಯ ಕಸ್ತೂರೆವ್ವನ ದನಿ. “ಗದಿಗೆವ್ವಾ, ಕದಾ ತಗಿ! ಉಪ್ಪಿಟ್ಟಿಗೆ ಉಪ್ಪು ಮರ್ತೀ ಏನ? ಆ ಹುಡುಗಿ ಮಾರಿ ನೋಡಿದ್ರ ಗೊತ್ತಾಕೈತಲ್ಲ!” ಕೈಯಲ್ಲಿ ಉಪ್ಪಿನ ಬಟ್ಟಲು ಹಿಡಿದೇ ಒಳಗೆ ಬಂದಳು. ಮುಚ್ಚಿದ ಕದದ ಆಚೆಯಿದ್ದವಳಿಗೆ ಹುಡುಗಿಯ ಮುಖ ಹೇಗೆ ಕಂಡಿತೆಂದು ಪ್ರಭುಲಿಂಗ ಬೆವತುಹೋದ.

ಅವಳ ಬೆನ್ನಿಗೇ ಎದುರು ಮನೆಯ ಗೆಳೆಯ ಸೋಮೇಶ ನುಗ್ಗಿದ. “ಲೇ ಪ್ರಭ್ಯಾ, ಮೂವತ್ತು ಅಂತ ಯಾಕ ಹೇಳಿದಿ? ನಾನೂ ನೀನೂ ಒಂದ ಬೆಂಚಿನ್ಯಾಗ ಕುಂತವ್ರು. ನನಗ ಮೂವತ್ತೈದಾತು. ಹಿರ್ಯಾರ ಮುಂದ ಸುಳ್ಳು ಹೇಳಬಾರ್ದಪಾ.”

“ನಾ ಹೇಳಿದ್ದು ನಿನಗ ಹೆಂಗ ಕೇಳಿಸ್ತು?”

ಸೋಮೇಶ ತನ್ನ ಮೊಬೈಲು ತಿರುಗಿಸಿ ತೋರಿಸಿದ. ಅದರಲ್ಲಿ ಬಾಯಿ ತೆರೆದುಕೊಂಡ ಪ್ರಭುಲಿಂಗ ಕೂತಿದ್ದ. “ನಾಕ್ನೂರು ಮಂದಿ ನೋಡಾಕತ್ತಾರ. ಕಾಲು ಕೆಳಗ ಬಿಡು ಅಂತ ಆಗಿಂದ ಬರ್ಯಾಕತ್ತೇನಿ, ನೀ ನೋಡವಲ್ಲಿ!”

ಪ್ರಭುಲಿಂಗ ಜಿಗಿದು ಕಾಯಿ ಕಿತ್ತೆಸೆದು ಕೀಬೋರ್ಡಿಗೆ ಕೈ ಹಾಕಿದ. ಎಲ್ಲ ಗುಂಡಿಗಳೂ ಒಂದೇ ಕುಂಕುಮ. ಲೈವ್ ನಿಲ್ಲಿಸುವ ಗುಂಡಿ ಯಾವುದೆಂದು ತಿಳಿಯದೆ ಸಿಕ್ಕದ್ದನ್ನು ಒತ್ತಿದ. ಸೋಮೇಶ ಮೊಬೈಲು ನೋಡಿ ದೊಡ್ಡದಾಗಿ ಓದಿದ: “‘ಕೊನೇದು ಒಂದೇ ಉಳದೈತಿ, ಬೇಕಾದವ್ರು ಜಲ್ದಿ ಫೋನ್ ಮಾಡ್ರಿ.’ ಏನಲೇ ಇದು!”

ವಿದ್ಯಾಶ್ರೀ ಸೆರಗು ಬಾಯಿಗಿಟ್ಟು ನಕ್ಕಳು. ಅವಳ ಅಪ್ಪ ನಗಲಿಲ್ಲ. “ನಿಮ್ಮ ಮನಿ ನೋಡಾಕ ಬಂದ್ರ ನಮ್ಮನ್ನ ಜಿಲ್ಲಾಕ್ಕೆಲ್ಲಾ ತೋರಸ್ತೀರೇನ್ರೀ?”

ಪ್ರಭುಲಿಂಗ ಸ್ಟ್ಯಾಂಡಿನಿಂದ ಮೊಬೈಲು ಕಿತ್ತು ಲೈವ್ ನಿಲ್ಲಿಸುವಷ್ಟರಲ್ಲಿ ಕರೆ ಬಂತು. ಮುಂಡರಗಿಯ ಶಾರದವ್ವ. ವರ್ಷಕ್ಕೆ ಅರ್ಧ ಗಂಟು ಸೀರೆ ಒಯ್ಯುವ ಗಿರಾಕಿ. ಎತ್ತದಿರಲಾದೀತೆ?

“ಪ್ರಭಣ್ಣಾ, ಅಲ್ಲಿ ಕುಂತ ಹಿರ್ಯಾರ ಕೈಯಾಗ ಫೋನ್ ಕೊಡ್ರಿ.”

“ಆತ್ರೀ ಅಕ್ಕಾರ” ಎಂದು ಕೊಟ್ಟೇಬಿಟ್ಟ. ಗಿರಾಕಿ ಕೇಳಿದ್ದಕ್ಕೆ ಇಲ್ಲವೆನ್ನುವ ಅಭ್ಯಾಸವೇ ಅವನಿಗೆ ಇರಲಿಲ್ಲ.

ವಿರೂಪಾಕ್ಷಪ್ಪನವರು ಅಂಗಳಕ್ಕೆ ಹೋಗಿ ಬಹಳ ಹೊತ್ತು ಮಾತಾಡಿದರು. ಮರಳಿ ಬಂದಾಗ ಮುಖ ಅರಳಿತ್ತು. “ಗುರುತಿನ ಮಂದೀನ ಆದ್ರು. ಅವ್ರ ಮಗ ಬೀಜದ ಅಂಗಡಿ ಇಟ್ಟಾನಂತ. ಫೋಟೋ ಕಳಿಸ್ಯಾರ ನೋಡವಾ.” ಫೋಟೋ ಬಂದದ್ದೂ ಪ್ರಭುಲಿಂಗನ ಮೊಬೈಲಿಗೇ. ವಿದ್ಯಾಶ್ರೀ ನೋಡಿದಳು, ಇನ್ನೊಮ್ಮೆ ನೋಡಿದಳು, ತಲೆ ತಗ್ಗಿಸಿದಳು. ಕಸ್ತೂರೆವ್ವನೂ ಇಣುಕಿ ನೋಡಿ, “ಜೋಡಿ ಛಲೋ ಆಕೈತ್ರಿ” ಎಂದು ಒಪ್ಪಿಗೆ ಕೊಟ್ಟಳು. ಪ್ರಭುಲಿಂಗನಿಗೆ ಅಳುವೇ ಬಂತು. ಗೋಡೆಯ ಕಡೆ ತಿರುಗಿ ಸೀರೆ ಮಡಚಿದ.

“ತಪ್ಪು ತಿಳ್ಕೋಬ್ಯಾಡ್ರಿ ತಮ್ಮಾರ” ಎಂದರು ವಿರೂಪಾಕ್ಷಪ್ಪನವರು, ಮೆಟ್ಟು ಹಾಕಿಕೊಳ್ಳುತ್ತ. “ಮದಿವಿ ಜವಳಿ ಎಲ್ಲಾ ನಿಮ್ಮಲ್ಲೇ ತಗೋತೀವಿ. ರೇಟ್ ಸ್ವಲ್ಪ ನೋಡಿ ಹಾಕ್ರಿ.”

ಹೊಸ್ತಿಲು ದಾಟಿದ ವಿದ್ಯಾಶ್ರೀ ಥಟ್ಟನೆ ಹಿಂದಿರುಗಿ ಬಂದು ಅವನನ್ನೇ ನೋಡಿದಳು. ಮನಸ್ಸು ಬದಲಾಯಿತೇನೋ ಎಂದು ಪ್ರಭುಲಿಂಗನ ಎದೆ ಹಾರಿತು.

“ಮೂಲ್ಯಾಗಿನ ಆ ಹಸರ ಸೀರಿ ಯಾರಿಗೂ ಕೊಡಬ್ಯಾಡ್ರಿ” ಎಂದಳು ಅವಳು. “ನನಗಂತ ಎತ್ತಿಡ್ರಿ, ಅಣ್ಣಾರ.”